ಮೂರು ಚುಕ್ಕೆ

ನನ್ನ ಕಿವಿ ಮಂದವಾಗಿದೆ ಎಂಬ ಸಂಗತಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ತಿಳಿದದ್ದು ನನಗೆ. ಒಂದು ದಿನ ನಮ್ಮಾಕೆ ಅಡಿಗೆಮನೆಯಿಂದ “ಹಾಲು ತಂದಿರಾ?” ಎಂದು ಕೇಳಿದಳಂತೆ, ನಾನು ಪಡಸಾಲೆಯಿಂದ “ನಾನೇಕೆ ಸಾಲ ತರಲಿ? ಪಿಂಚಣಿ ಬಂದಿದೆಯಲ್ಲ” ಎಂದೆನಂತೆ. ಆ ದಿನದಿಂದ ಈ ಕಥೆಯನ್ನು ಹೇಳದೆ ಆಕೆ ಯಾವ ಅತಿಥಿಗೂ ಕಾಫಿ ಕೊಟ್ಟದ್ದಿಲ್ಲ. ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಬೇರೆಯವರ ಕಿವಿ ಕೆಟ್ಟಿದ್ದರೆ ಅದು ಬರಿಯ ವಯಸ್ಸಿನ ಮಾತು. ನನ್ನ ಪಾಲಿಗೆ ಹಾಗಲ್ಲ. ಕುಸ್ತಿ ಮಾಡಿದವನ ತೋಳು ಸೋತ ಹಾಗೆ, ಗಮಕಿಯ ಗಂಟಲು ಕಟ್ಟಿದ ಹಾಗೆ.

ನಾನು ತಂತಿ ಕಚೇರಿಯಲ್ಲಿದ್ದವನು. 1969ರಲ್ಲಿ ಕೆಲಸಕ್ಕೆ ಸೇರಿದೆ. ಟೆಲಿಪ್ರಿಂಟರು, ಅದರ ಹಿಂದೆ ಕಂಪ್ಯೂಟರು ಬಂದು ನಮ್ಮನ್ನೆಲ್ಲ ಬೆರಳಚ್ಚುಗಾರರನ್ನಾಗಿ ಮಾಡುವವರೆಗೆ, ಹೆಚ್ಚುಕಡಿಮೆ ಇಪ್ಪತ್ತು ವರ್ಷ, ನನ್ನ ಮನೆಯ ಅನ್ನ ನನ್ನ ಕಿವಿಯ ದಾರಿಯಿಂದಲೇ ಬರುತ್ತಿತ್ತು. ಸೌಂಡರ್ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹಿತ್ತಾಳೆಯ ಒಂದು ಪುಟ್ಟ ಸನ್ನೆ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಅಯಸ್ಕಾಂತ ಅದನ್ನು ಕೆಳಕ್ಕೆಳೆದು ‘ಟಕ್’ ಎನ್ನಿಸುತ್ತದೆ. ನಿಂತಾಗ ಅದು ಮೇಲಕ್ಕೆ ಹಾರಿ ‘ಟಿಕ್’ ಎನ್ನುತ್ತದೆ. ಟಕ್ಕಿಗೂ ಟಿಕ್ಕಿಗೂ ನಡುವೆ ಬಿಡುವು ಕಿರಿದಾದರೆ ಚುಕ್ಕೆ, ಹಿರಿದಾದರೆ ಗೀಟು. ಈ ಚುಕ್ಕೆ ಗೀಟುಗಳಿಂದಲೇ ಲೋಕದ ಮದುವೆ, ಸಾವು, ವರ್ಗಾವಣೆ, ಅಡಿಕೆಯ ಧಾರಣೆ ಎಲ್ಲವೂ ಬರಬೇಕು. ಸದ್ದು ದೊಡ್ಡದಾಗಲೆಂದು ಸೌಂಡರಿನ ಹಿಂದೆ ಖಾಲಿ ಸಿಗರೇಟು ಡಬ್ಬಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ನಾನು ಡಬ್ಬಿ ಇಟ್ಟುಕೊಳ್ಳುತ್ತಿರಲಿಲ್ಲ. ನನಗೆ ಬೇಕಾಗಿರಲಿಲ್ಲ. ಪಕ್ಕದವನೊಡನೆ ಕ್ರಿಕೆಟ್ಟಿನ ಮಾತಾಡುತ್ತ, ಎದುರಿಗೆ ಬಂದವನಿಗೆ ಚಿಲ್ಲರೆ ಎಣಿಸುತ್ತ, ತಂತಿಯ ಕಾಗದದ ಮೇಲೆ ತಪ್ಪಿಲ್ಲದೆ ಬರೆದುಕೊಳ್ಳುತ್ತಿದ್ದೆ. ಹಿರಿಯರು “ಇವನದು ಕಿವಿಯಲ್ಲಪ್ಪ, ಜರಡಿ” ಎನ್ನುತ್ತಿದ್ದರು. ಆ ಹೊಗಳಿಕೆ ತಲೆಗೇರಿತ್ತು. ಅದರ ಮಾತು ಮುಂದೆ ಬರುತ್ತದೆ.

ನಮ್ಮ ಮಗಳು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿದ್ದಾಳೆ. ಈ ಸಲ ಬೇಸಗೆಗೆ ಅಲ್ಲಿಗೆ ಹೋದಾಗ ಕಿವಿಯ ವೈದ್ಯರ ಹತ್ತಿರ ಹೋಗಲೇಬೇಕೆಂದು ಹಟ ಹಿಡಿದಳು. ಕಿವಿಯೊಳಗೆ ಒಂದು ಯಂತ್ರ ಇಟ್ಟುಕೊಂಡು ತಿರುಗುವುದೆಂದರೆ ನನಗೆ ಅವಮಾನ. ಒಂದು ವಾರ ಜಗ್ಗಾಡಿದ ಮೇಲೆ ರಾಜಿಯಾಯಿತು: ಅವಳು ನನ್ನನ್ನು ಪೋಲ್ಡೂಗೆ ಕರೆದುಕೊಂಡು ಹೋಗಬೇಕು, ಹಿಂದಿರುಗಿದ ಮೇಲೆ ನಾನು ವೈದ್ಯರ ಹತ್ತಿರ ಬರಬೇಕು. ಪೋಲ್ಡೂ ಎಲ್ಲಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ತರಬೇತಿಯ ಕಾಲದಲ್ಲಿ ನಮ್ಮ ಶಿಕ್ಷಕರು ಆ ಹೆಸರನ್ನು ಕಾಶಿ ರಾಮೇಶ್ವರಗಳ ಹೆಸರು ಹೇಳುವಂತೆ ಹೇಳುತ್ತಿದ್ದರು. ಅಟ್ಲಾಂಟಿಕ್ ಸಾಗರವನ್ನು ತಂತಿಯಿಲ್ಲದೆ ದಾಟಿದ ಮೊದಲ ಸಂಕೇತ ಹೊರಟದ್ದು ಅಲ್ಲಿಂದ, 1901ರ ಡಿಸೆಂಬರ್ 12ರಂದು. ನಮ್ಮಂಥ ತಂತಿಯವರು ಕಾಣಬೇಕಾದ ಕ್ಷೇತ್ರವೇ ಸರಿ. ತಂತಿಯ ಅನ್ನಕ್ಕೆ ಮೊದಲು ಕಲ್ಲು ಬಿದ್ದದ್ದೂ ಅಲ್ಲಿಯೇ.

ಮೋಟಾರಿನಲ್ಲಿ ನಾಲ್ಕು ಗಂಟೆಗೂ ಮೀರಿದ ದಾರಿ. ಇಂಗ್ಲೆಂಡಿನ ನೈರುತ್ಯದಲ್ಲಿ ಕಾರ್ನ್‌ವಾಲ್ ಎಂಬ ಸೀಮೆ ಕಡಲೊಳಕ್ಕೆ ಕಾಲು ಚಾಚಿದೆ. ಆ ಕಾಲಿನ ಹಿಮ್ಮಡಿಯಂತಿರುವ ತುಂಡಿಗೆ ಲಿಜರ್ಡ್ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಹಲ್ಲಿಯೆಂದೇ ಅರ್ಥ. ಆದರೆ ಈ ಊರಿನ ಹೆಸರು ಅಲ್ಲಿಯ ಹಳೆಯ ಭಾಷೆಯಿಂದ ಬಂದದ್ದು, ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ತಿಳಿದವರು ಹೇಳುತ್ತಾರೆ. ಇರಲಿ, ನನಗೆ ಮಾತ್ರ ಹೆಸರು ಹಿಡಿಸಿತು. ನಮ್ಮ ಕಡೆ ಹಲ್ಲಿ ಲೊಚಗುಟ್ಟಿದರೆ ಅಜ್ಜಿ “ಕೃಷ್ಣ, ಕೃಷ್ಣ” ಎಂದು ನೆಲವನ್ನು ಬೆರಳಿಂದ ತಟ್ಟುತ್ತಿದ್ದಳು. ಯಾವ ದಿಕ್ಕಿನಿಂದ ನುಡಿಯಿತು, ಎಷ್ಟು ಸಲ ನುಡಿಯಿತು ಎಂಬುದರ ಮೇಲೆ ಮನೆಯ ಕಾರ್ಯಗಳು ನಿಲ್ಲುತ್ತಿದ್ದುವು, ನಡೆಯುತ್ತಿದ್ದುವು. ಟಿಕ್ ಟಿಕ್ ಎಂಬ ಸದ್ದಿನಿಂದ ಸುದ್ದಿ ಓದುವ ವಿದ್ಯೆ ನಮ್ಮ ಮನೆಗೆ ಇಲಾಖೆಯಿಂದಲೇ ಬಂದದ್ದಲ್ಲ.

ಪೋಲ್ಡೂ ತಲುಪಿದಾಗ ಹನ್ನೊಂದು ಗಂಟೆ. ಕೆಳಗೆ ಒಂದು ಸಣ್ಣ ಮರಳಿನ ಕೊಲ್ಲಿ. ಅಲೆಯ ಮೇಲೆ ಹಲಗೆ ಹಾಕಿಕೊಂಡು ಹುಡುಗರು ಜಾರುತ್ತಿದ್ದರು. ಮೇಲೆ, ಬಂಡೆಯ ಅಂಚಿನಲ್ಲಿ, ಹಳೆಯ ಕಾಲದ ಒಂದು ದೊಡ್ಡ ಹೋಟೆಲಿನ ಕಟ್ಟಡ. ಅಂದು ಮಾರ್ಕೋನಿಯೂ ಅವನ ಕಡೆಯವರೂ ಇಳಿಯುತ್ತಿದ್ದ ಜಾಗ. ಅದು ಮುಂದೆ ವೃದ್ಧರ ಆರೈಕೆಯ ಮನೆಯಾಯಿತಂತೆ. ಅದನ್ನು ದಾಟಿದರೆ ಬಯಲು.

ಬಯಲು ಎಂದರೆ ಬಯಲೇ. ಕ್ಷೇತ್ರವೆಂದು ಬಂದವನಿಗೆ ಗೋಪುರ ಬೇಡವೆ? ಮೊಣಕಾಲುದ್ದ ಹುಲ್ಲು, ಅದರ ನಡುವೆ ನಸುಗೆಂಪು ಹೂವು, ಅವನ್ನೆಲ್ಲ ನೆಲಕ್ಕೆ ಒತ್ತಿ ಹಿಡಿದ ಗಾಳಿ. ಕಾಲಿಗೆ ತಗುಲಿದಾಗ ಮಾತ್ರ ಒಂದೊಂದೇ ಗೊತ್ತಾಗುತ್ತದೆ: ಇಲ್ಲೊಂದು ಕಾಂಕ್ರೀಟು ದಿಮ್ಮಿ, ಅಲ್ಲೊಂದು ತುಕ್ಕು ಹಿಡಿದ ಕಬ್ಬಿಣದ ಬಳೆ, ಎಲ್ಲೋ ಹುಲ್ಲಿನಡಿಯಿಂದ ಇಣುಕುವ ನೆಲದ ಹಾಸು. ಗೋಪುರಗಳ ಬುಡವಿದ್ದ ಜಾಗಗಳು ಇವು. ಬಂಡೆಯ ತುದಿಗೆ ಬಂದರೆ ಬೆಣಚುಕಲ್ಲಿನ ಒಂದು ಸ್ಮಾರಕಸ್ತಂಭ, ಅದರ ನಾಲ್ಕು ಮುಖಗಳಲ್ಲಿ ಬರಹ. ಅದರಿಂದಾಚೆಗೆ ನೀರು. ಆ ನೀರಿನ ಆಚೆಯ ದಡ ಅಮೆರಿಕ.

ನಮ್ಮ ಮಗಳು “ಇದನ್ನು ನೋಡಲು ಇಷ್ಟು ದೂರ ಬಂದೆವೇ?” ಎಂದಳು. ಇದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅವಳಿಗೆ ಕಥೆ ಹೇಳಬೇಕಾಯಿತು. ಮಾರ್ಕೋನಿಗೆ ಆಗ ಇಪ್ಪತ್ತೇಳು ವರ್ಷ. ತಂದೆ ಇಟಲಿಯವನು, ತಾಯಿ ಐರ್ಲೆಂಡಿನವಳು. ಅಲೆಗಳು ಬೆಳಕಿನಂತೆ ನೇರವಾಗಿ ಹೋಗುತ್ತವೆ, ಭೂಮಿಯೋ ಗುಂಡಗಿದೆ, ಆದುದರಿಂದ ಇವನ ಸಂಕೇತ ಆಕಾಶಕ್ಕೆ ಹಾರಿಹೋಗುತ್ತದೆಯೇ ಹೊರತು ಸಾಗರದ ಆಚೆ ದಡಕ್ಕೆ ಬಗ್ಗುವುದಿಲ್ಲ ಎಂದು ಪಂಡಿತರು ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಾಗಿರಲಿಲ್ಲ, ಮೇಲೆ ಆಕಾಶದಲ್ಲಿ ಅಲೆಗಳನ್ನು ಹಿಂದಕ್ಕೆ ತಿರುಗಿಸುವ ಒಂದು ಪದರವಿದೆಯೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಮಾರ್ಕೋನಿಗೂ ಗೊತ್ತಿರಲಿಲ್ಲ. ಆದರೂ 1900ರ ಅಕ್ಟೋಬರಿನಲ್ಲಿ ಇಲ್ಲಿ ಕಟ್ಟಲು ಆರಂಭಿಸಿದ. ಒಂದೊಂದೂ 200 ಅಡಿ ಎತ್ತರದ ಇಪ್ಪತ್ತು ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಕೋಲಾಟದವರು ಒಬ್ಬರ ಕೈ ಒಬ್ಬರು ಹಿಡಿದಂತೆ ಒಂದಕ್ಕೊಂದು ಬಿಗಿದರು. ಒಂದು ಬಿದ್ದರೆ ಉಳಿದುವೆಲ್ಲ ಬೀಳಬೇಕು. ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ವೈವ್ಯನ್ ಈ ಮಾತನ್ನು ಮೊದಲೇ ಹೇಳಿದ್ದನಂತೆ. ಇಂಥ ಮಾತನ್ನು ಮೇಲಿನವರು ಕೇಳುವ ಪದ್ಧತಿ ಯಾವ ದೇಶದಲ್ಲಿಯೂ ಇಲ್ಲ. 1901ರ ಸೆಪ್ಟೆಂಬರ್ 17ರಂದು ಬಿರುಗಾಳಿ ಬಂದು ಇಪ್ಪತ್ತೂ ನೆಲ ಕಚ್ಚಿದುವು. ಅಮೆರಿಕದ ಕಡೆ ಕಾಡ್ ಭೂಶಿರದಲ್ಲಿ ಕಟ್ಟಿದ್ದ ಇದರ ಜೋಡಿ ನವೆಂಬರಿನಲ್ಲಿ ಬಿತ್ತು.

ಬೇರೆಯವರಾಗಿದ್ದರೆ ಇನ್ನೆರಡು ವರ್ಷ ಸಮಿತಿ ಕೂಡಿಸುತ್ತಿದ್ದರು. ಇವನು ಎರಡು ಕಂಬ ನಿಲ್ಲಿಸಿ, ಅವುಗಳ ನಡುವೆ ಬೀಸಣಿಗೆಯಂತೆ ತಂತಿಗಳನ್ನು ಇಳಿಬಿಟ್ಟು, ಇದೇ ಸಾಕೆಂದು ಇಬ್ಬರು ಸಹಾಯಕರೊಡನೆ ಹಡಗು ಹತ್ತಿ ನ್ಯೂಫೌಂಡ್‌ಲೆಂಡಿಗೆ ಹೊರಟುಬಿಟ್ಟ. ಅಲ್ಲಿಯ ಸೇಂಟ್ ಜಾನ್ಸ್ ಬಂದರಿನ ಮೇಲೆ ಸಿಗ್ನಲ್ ಹಿಲ್ ಎಂಬ ಗುಡ್ಡ. ಬರುವ ಹಡಗು ಯಾರದೆಂದು ಊರಿನ ವರ್ತಕರಿಗೆ ತಿಳಿಯಲೆಂದು ಅದರ ತುದಿಯಲ್ಲಿ ಬಾವುಟ ಏರಿಸುತ್ತಿದ್ದರು. ಹೆಸರನ್ನು ಕನ್ನಡಿಸಿದರೆ ನಮ್ಮ ಮಂಗಳೂರಿನ ಬಾವುಟಗುಡ್ಡವೇ ಆದೀತು. ಅಲ್ಲಿ ಕಂಬ ನಿಲ್ಲಿಸಲು ಹೊತ್ತೂ ಇರಲಿಲ್ಲ. ಬಲೂನಿನಿಂದಲೋ ಗಾಳಿಪಟದಿಂದಲೋ ತಂತಿಯನ್ನು ಮೇಲಕ್ಕೆತ್ತುವುದೆಂದು ಏರ್ಪಾಡು. ಒಂದು ಬಲೂನು ಕಿತ್ತುಕೊಂಡು ಹೋಯಿತು. ಒಂದು ಗಾಳಿಪಟವೂ ಹೋಯಿತು. ಇನ್ನೊಂದು ಗಾಳಿಪಟ 500 ಅಡಿ ತಂತಿಯನ್ನು ಹೊತ್ತು ಹೇಗೋ ನಿಂತಿತು.

ಇತ್ತ ಪೋಲ್ಡೂವಿನವರಿಗೆ ಆಜ್ಞೆಯಾಗಿತ್ತು: ಪ್ರತಿದಿನ ಮಧ್ಯಾಹ್ನ ಮೂರರಿಂದ ಆರರವರೆಗೆ ‘ಎಸ್’ ಅಕ್ಷರವನ್ನು ಕಳುಹಿಸುತ್ತಿರಬೇಕು. ‘ಎಸ್’ ಎಂದರೆ ಮೂರು ಚುಕ್ಕೆ. ಗೀಟು ಒತ್ತಿ ಹಿಡಿದರೆ ಯಂತ್ರದ ಮೇಲೆ ಭಾರ ಹೆಚ್ಚು; ಚುಕ್ಕೆಗಳಾದರೆ ತಡೆದುಕೊಳ್ಳುತ್ತದೆ. ನಾನು ಈಗ ನಿಂತಿದ್ದ ಹುಲ್ಲಿನ ಜಾಗದಲ್ಲಿ ಎಣ್ಣೆಯ ಇಂಜಿನು ಓಡುತ್ತ, ಸಾವಿರಾರು ವೋಲ್ಟುಗಳ ಕಿಡಿ ಚಟಚಟ ಸಿಡಿಯುತ್ತ, ಮೂರು ಚುಕ್ಕೆ, ಮತ್ತೆ ಮೂರು ಚುಕ್ಕೆ, ಮತ್ತೆ ಮೂರು. ಅಲ್ಲಿ, 3,500 ಕಿಲೋಮೀಟರಿನಷ್ಟು ಆಚೆ, ಹಳೆಯ ಆಸ್ಪತ್ರೆಯೊಂದರ ಕೋಣೆಯಲ್ಲಿ ಮಾರ್ಕೋನಿ ಟೆಲಿಫೋನಿನ ಕಿವಿತುಂಡನ್ನು ಕಿವಿಗೊತ್ತಿಕೊಂಡು ಕುಳಿತಿದ್ದ. ಅಲ್ಲಿಯ ಗಡಿಯಾರದಲ್ಲಿ ಹನ್ನೆರಡೂವರೆಗೆ ಮೂರು ಸಣ್ಣ ಟಿಕ್ಕುಗಳು ಕೇಳಿದುವಂತೆ. ಕಿವಿತುಂಡನ್ನು ಸಹಾಯಕ ಕೆಂಪನ ಕೈಗೆ ಕೊಟ್ಟು, ನಿನಗೇನಾದರೂ ಕೇಳುತ್ತದೆಯೇ ನೋಡು ಎಂದ. ಕೆಂಪ್ ಕೇಳಿ ಹೌದೆಂದ. ಮುಂದಿನ ಎರಡು ಗಂಟೆಯೊಳಗೆ ಇನ್ನೆರಡು ಬಾರಿ ಕೇಳಿಸಿತು. ಪೇಜೆಟ್ ಎಂಬ ಮೂರನೆಯವನೂ ಇದ್ದ. ಅವನಿಗೆ ಕೇಳಿಸಲಿಲ್ಲ, ಅವನ ಕಿವಿ ಸ್ವಲ್ಪ ಮಂದ ಎಂದು ವಿವರಣೆ. ಈ ಪೇಜೆಟ್ ಎಂಬವನ ಮೇಲೆ ನನಗೆ ಈಚೆಗೆ ಬಹಳ ಪ್ರೀತಿ ಬಂದಿದೆ.

ಕಿವಿಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಪೋಲ್ಡೂವಿನ ಆ ಭಾರಿ ಯಂತ್ರವನ್ನು ರೂಪಿಸಿದವನು ಫ್ಲೆಮಿಂಗ್ ಎಂಬ ಲಂಡನ್ನಿನ ಪ್ರೊಫೆಸರು. ಆತನಿಗೂ ಕಿವಿ ಕೇಳಿಸುವುದು ಕಡಿಮೆಯಾಗುತ್ತಿತ್ತು. ಕಿವಿಯಿಂದ ಹಿಡಿಯಲಾಗದ ಸಂಕೇತವನ್ನು ಕಣ್ಣಿಂದ ಕಾಣುವಂತೆ, ಮುಳ್ಳು ತಿರುಗಿ ತೋರಿಸುವಂತೆ ಮಾಡಬೇಕೆಂದು ಹಂಬಲಿಸಿ, 1904ರಲ್ಲಿ ವಾಲ್ವ್ ಎಂಬ ಗಾಜಿನ ಬುರುಡೆಯನ್ನು ಕಂಡುಹಿಡಿದ. ನಾವು ಚಿಕ್ಕವರಾಗಿದ್ದಾಗ ಶ್ರೀಮಂತರ ಮನೆಯ ರೇಡಿಯೋವಿನ ಹೊಟ್ಟೆಯಲ್ಲಿ ಕೆಂಪಗೆ ಉರಿಯುತ್ತಿದ್ದುವಲ್ಲ, ಅವುಗಳ ಮೂಲಪುರುಷ ಅದೇ. ಇದನ್ನು ಮಗಳಿಗೆ ಹೇಳಿದೆ. ಅವಳು, ಆ ಪ್ರೊಫೆಸರು ಮಂದವಾದದ್ದನ್ನು ಒಪ್ಪಿಕೊಂಡಿದ್ದನಲ್ಲ ಎಂದಳು.

ಮಾರ್ಕೋನಿ ನಿಜವಾಗಿ ಕೇಳಿದನೇ? ಅಂದೇ ಕೆಲವರು ಕೇಳಿದ ಪ್ರಶ್ನೆ ಇದು; ಇಂದೂ ಬಲ್ಲವರು ಕೇಳುತ್ತಿದ್ದಾರೆ. ಹಗಲು ಹೊತ್ತಿನಲ್ಲಿ ಅಂಥ ಅಲೆಗಳನ್ನು ಮೇಲಿನ ಆಕಾಶ ನುಂಗಿಹಾಕುತ್ತದೆ. ಅಂದು ಎರಡು ದಡದಲ್ಲಿಯೂ ಹಗಲು. ಕಾಗದದ ಪಟ್ಟಿಯ ಮೇಲೆ ಗುರುತು ಬೀಳಲಿಲ್ಲ, ಕೇಳಿದ್ದು ಎರಡು ಜೋಡಿ ಕಿವಿ ಮಾತ್ರ. ಅವೂ ಒಂದೇ ಸಂಸ್ಥೆಯವು. ಎಲ್ಲಕ್ಕಿಂತ ಮುಖ್ಯವಾಗಿ, ಏನು ಕೇಳಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು. ಆಕಾಶದಲ್ಲಿ ಸಿಡಿಲಿನ ಚಟಪಟ ಯಾವಾಗಲೂ ಇದ್ದೇ ಇರುತ್ತದೆ. ಅದರಲ್ಲಿ ಮೂರು ಚುಕ್ಕೆಗಳನ್ನೇ ಹುಡುಕುವವನಿಗೆ ಮೂರು ಚುಕ್ಕೆಗಳು ಸಿಕ್ಕುತ್ತವೆ. ಮಾರ್ಕೋನಿಯ ಪಕ್ಷ ವಹಿಸುವವರೂ ಇದ್ದಾರೆ. ಆ ಕಿಡಿಯಿಂದ ಹೊರಟ ಬೇರೆ ಯಾವುದೋ ಕಿರಿಯ ಅಲೆ ದಾಟಿದ್ದೀತು ಎನ್ನುತ್ತಾರೆ. ಅವನ ದೊಡ್ಡತನವೆಂದರೆ, ಅವನು ಅಲ್ಲಿಗೇ ನಿಲ್ಲಲಿಲ್ಲ. ಎರಡೇ ತಿಂಗಳಲ್ಲಿ, 1902ರ ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾ ಎಂಬ ಹಡಗು ಹತ್ತಿ, ಈ ಸಲ ಕಾಗದದ ಪಟ್ಟಿಯ ಮೇಲೆಯೇ ಗುರುತು ಬೀಳುವಂತೆ ಮಾಡಿ, ಹಡಗಿನ ಕ್ಯಾಪ್ಟನ್ನಿನ ಸಾಕ್ಷಿ ಇಟ್ಟುಕೊಂಡು, ಪೋಲ್ಡೂವಿನ ಸಂಕೇತ ಎಷ್ಟು ದೂರ ಬರುತ್ತದೆಂದು ಅಳೆದ. ರಾತ್ರಿ 1,550 ಮೈಲಿಯವರೆಗೆ ಪೂರ್ತಿ ಸಂದೇಶಗಳು ಬಂದುವು. ‘ಎಸ್’ ಅಕ್ಷರ 2,000 ಮೈಲಿಗೂ ಆಚೆ ಬಂತು. ಹಗಲಿನಲ್ಲಿ 700 ಮೈಲಿಗೆ ನಿಂತುಹೋಯಿತು. ಹಗಲಿನ 700 ಮೈಲಿಯ ಮಾತು ಡಿಸೆಂಬರಿನ ಅವನ ಕೀರ್ತಿಗೇ ಕುಂದು ತರುವಂಥದು. ಅದನ್ನು ಅವನು ಮುಚ್ಚಿಡಲಿಲ್ಲ.

ನಮ್ಮ ಜಗದೀಶಚಂದ್ರ ಬೋಸರ ಮಾತು ಇಲ್ಲಿ ಬರಬೇಕು. ಅಂದು ಮಾರ್ಕೋನಿಯ ಕಿವಿಗೂ ಗಾಳಿಪಟದ ತಂತಿಗೂ ನಡುವೆ ಇದ್ದದ್ದು ಪಾದರಸದ ಒಂದು ಹನಿ ಹಾಕಿದ ಸಣ್ಣ ಗಾಜಿನ ಕೊಳವೆ. ಇಟಲಿಯ ನೌಕಾಪಡೆಯವರಿಂದ ಬಂದದ್ದೆಂದು ಅವನು ಹೇಳಿದ. ಆದರೆ ಕಬ್ಬಿಣ ಮತ್ತು ಪಾದರಸದ ಅಂಥದೇ ಸಾಧನವನ್ನು, ಟೆಲಿಫೋನಿನೊಡನೆ ಬಳಸುವ ಕ್ರಮ ಸಹಿತವಾಗಿ, ಬೋಸರು 1899ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದರು. 1998ರಲ್ಲಿ ಬಂದ್ಯೋಪಾಧ್ಯಾಯ ಎಂಬ ಇಂಜಿನಿಯರು ಅಮೆರಿಕದ ಒಂದು ವಿದ್ವತ್ಪತ್ರಿಕೆಯಲ್ಲಿ ಇದನ್ನು ಆಧಾರಸಮೇತ ವಾದಿಸಿದರು. ಸ್ತಂಭದ ಬರಹದಲ್ಲಿ ನಾನು ಬೋಸರ ಹೆಸರನ್ನು ಹುಡುಕಿದೆ. ಇರಲಿಲ್ಲ.

ಮಗಳು ಕೊಲ್ಲಿಯ ಕಡೆಯ ಅಂಗಡಿಯಿಂದ ಕಾಫಿ ತರುವೆನೆಂದು ಇಳಿದು ಹೋದಳು. ನಾನು ಒಂದು ಕಾಂಕ್ರೀಟು ದಿಮ್ಮಿಯ ಮೇಲೆ ಕುಳಿತೆ. ಏನು ಕೇಳಬೇಕೆಂದು ಗೊತ್ತಿದ್ದವನಿಗೆ ಅದೇ ಕೇಳುತ್ತದೆ ಎಂಬ ಮಾತನ್ನು ಮಗಳಿಗೆ ಹೇಳುವಾಗ ನನ್ನ ದನಿ ಸಡಿಲವಾಗಿತ್ತು. ಅವಳು ಗಾಳಿಯೆಂದುಕೊಂಡಳು.

1974ರ ಜುಲೈ. ಮಲೆನಾಡಿನ ಒಂದು ತಾಲ್ಲೂಕಿನ ಊರು. ಮೂರು ದಿನದಿಂದ ಮಳೆ ಹೊಡೆಯುತ್ತಿತ್ತು. ತಂತಿಯ ಕಂಬಗಳಿಗೆ ತೊಪ್ಪೆಯಾದ ಬಳ್ಳಿಗಳು ಹಬ್ಬಿ, ಪಿಂಗಾಣಿ ಬಟ್ಟಲುಗಳೆಲ್ಲ ನೆನೆದು, ತಂತಿಯ ವಿದ್ಯುತ್ತು ದಾರಿಯುದ್ದಕ್ಕೂ ನೆಲಕ್ಕೆ ಸೋರುತ್ತಿತ್ತು. ಸೌಂಡರು ಜ್ವರ ಬಂದವನ ಹಲ್ಲಿನಂತೆ ಕಟಕಟಿಸುತ್ತಿತ್ತು. ಸಂಜೆ ಏಳರ ಹೊತ್ತಿಗೆ ಒಂದು ತಂತಿ ಬಂತು, ಊರಿನ ಪ್ರೌಢಶಾಲೆಯ ಒಬ್ಬ ಮೇಷ್ಟರಿಗೆ. ಬಯಲುಸೀಮೆಯಲ್ಲಿದ್ದ ಅವರ ಅಣ್ಣ ಕೊಟ್ಟದ್ದು. ತಾಯಿಗೆ ಕಾಯಿಲೆ ಎಂದು ಅವರಿಗೆ ಮೊದಲೇ ಕಾಗದ ಬಂದಿತ್ತು. ಸಣ್ಣ ಊರು, ನನಗೂ ಗೊತ್ತಿತ್ತು. ನಾನು ಬರೆದುಕೊಂಡದ್ದು: ‘ಮದರ್ ನಾಟ್ ಸೀರಿಯಸ್ ಅಂಡರ್ ಟ್ರೀಟ್‌ಮೆಂಟ್’. ತಾಯಿಗೆ ಹೆಚ್ಚೇನಿಲ್ಲ, ಚಿಕಿತ್ಸೆ ನಡೆದಿದೆ. ಒಳ್ಳೆಯ ಸುದ್ದಿ. ಆಳನ್ನು ಮಳೆಯಲ್ಲಿಯೇ ಓಡಿಸಿದೆ.

ಐದಾರು ದಿನದ ಮೇಲೆ ಮೇಷ್ಟರು ಕಚೇರಿಗೆ ಬಂದರು. ತಲೆ ಬೋಳಿಸಿತ್ತು. ಕೈಯಲ್ಲಿ ನಾನು ಬರೆದ ಕಾಗದ, ನಾಲ್ಕು ಮಡಿಕೆ. ಜಗಳ ಕಾಯಲು ಬಂದವರಲ್ಲ. “ಅಣ್ಣ ‘ನೌ’ ಎಂದು ಬರೆದುಕೊಟ್ಟಿದ್ದನಂತೆ ಸ್ವಾಮಿ, ‘ನೌ ಸೀರಿಯಸ್’ ಎಂದು. ಇದು ಹೀಗೇ ಬಂದಿತ್ತೇ?” ಎಂದು ಕೇಳಿದರು, ಅಷ್ಟೆ. ಆ ರಾತ್ರಿ ಒಂಬತ್ತೂವರೆಗೆ ಒಂದು ಬಸ್ಸಿತ್ತು. ಅದನ್ನು ಹತ್ತಿದ್ದರೆ ಬೆಳಗ್ಗೆ ಹತ್ತರೊಳಗೆ ಅವರು ತಾಯಿಯ ಬಳಿ ಇರುತ್ತಿದ್ದರು. ಆಕೆ ಹೋದದ್ದು ಮಧ್ಯಾಹ್ನ.

“ಹೀಗೇ ಬಂದಿತ್ತು” ಎಂದೆ.

ಅವರು ಕಾಗದವನ್ನು ಮತ್ತೆ ಮಡಿಸಿ ಜೇಬಿನಲ್ಲಿಟ್ಟುಕೊಂಡು, ಸರಿ ಸ್ವಾಮಿ ಎಂದು ಹೋದರು.

ಹೀಗೇ ಬಂದಿತ್ತೇ? ಮೋರ್ಸಿನಲ್ಲಿ ‘ಟಿ’ ಎಂದರೆ ಒಂದು ಗೀಟು. ‘ಡಬ್ಲ್ಯು’ ಎಂದರೆ ಒಂದು ಚುಕ್ಕೆ, ಎರಡು ಗೀಟು. ‘ನೌ’ ಎಂಬುದರ ಕೊನೆಯ ಅಕ್ಷರದಲ್ಲಿ ಒಂದು ಚುಕ್ಕೆ, ಒಂದು ಗೀಟು ಮಳೆಗೆ ಕೊಚ್ಚಿಹೋದರೆ ‘ನಾಟ್’ ಆಗುತ್ತದೆ. ಆ ಗೀಟಿಗೆ ಮುಂಚೆ ಏನೋ ಒಂದು ಅಲುಗಾಟ ಇತ್ತು. ಸದ್ದು ಎನ್ನುವಷ್ಟಿರಲಿಲ್ಲ, ಆದರೆ ಬಿಡುವು ಇರಬೇಕಾದುದಕ್ಕಿಂತ ಉದ್ದವಾಗಿತ್ತು. ನನಗೆ ಅದು ಆ ಕ್ಷಣದಲ್ಲಿಯೇ ಗೊತ್ತಾಗಿತ್ತು. ಸಂಶಯವಿದ್ದರೆ ಮತ್ತೊಮ್ಮೆ ಹೇಳೆಂದು ಆಚೆಯವನನ್ನು ಕೇಳಬೇಕು; ಅದು ನಿಯಮ. ಕೀಲಿಯ ಮೇಲೆ ನಾಲ್ಕು ಬಡಿತ, ಅರ್ಧ ನಿಮಿಷದ ಕೆಲಸ. ನಾನು ಕೇಳಲಿಲ್ಲ. ಜರಡಿ ಕಿವಿಯವನು ಮತ್ತೊಮ್ಮೆ ಹೇಳೆಂದು ಕೇಳುತ್ತಾನೆಯೇ? ಅರ್ಥ ಹೊಂದುವ ಹಾಗಿತ್ತು, ಬರೆದೆ. ಮೇಷ್ಟರು ಹೋದ ಮೇಲೆ, ಬಾಗಿಲು ಹಾಕಿಕೊಂಡು, ಆಚೆಯ ಕಚೇರಿಯವನನ್ನು ಮೂಲ ಕಾಗದ ನೋಡಿ ಹೇಳೆಂದು ಕೇಳಿದೆ. ಅಂದು ತಂತಿ ಒಣಗಿತ್ತು. ‘ಡಬ್ಲ್ಯು’ ಗಂಟೆ ಹೊಡೆದ ಹಾಗೆ ಬಂತು.

ಮೇಷ್ಟರು ದೂರು ಕೊಡಲಿಲ್ಲ. ನನ್ನ ಮೇಲೆ ಯಾವ ವಿಚಾರಣೆಯೂ ಬರಲಿಲ್ಲ. ಕಚೇರಿಯ ಪ್ರತಿ ಕಾಲಕ್ಕೆ ಸರಿಯಾಗಿ ಹಳೆಯ ಕಾಗದಗಳೊಡನೆ ಹೋಯಿತು. ಆಮೇಲೆ ಎರಡು ವರ್ಷ ನಾನು ಆ ಊರಿನಲ್ಲಿಯೇ ಇದ್ದೆ. ಎದುರು ಸಿಕ್ಕಾಗಲೆಲ್ಲ ಮೇಷ್ಟರೇ ಮೊದಲು ಕೈ ಮುಗಿಯುತ್ತಿದ್ದರು. 2013ರ ಜುಲೈ 14ರ ರಾತ್ರಿ ದೇಶದಲ್ಲಿ ತಂತಿಯ ಸೇವೆಯೇ ಮುಗಿಯಿತೆಂದು ಪತ್ರಿಕೆಗಳಲ್ಲಿ ಬಂದಾಗ, ಪರಿಚಯದವರು ನನಗೆ ಫೋನು ಮಾಡಿ ದುಃಖ ಸೂಚಿಸಿದರು. ನನಗೆ ದುಃಖವಾಗಿತ್ತು. ಅದರೊಳಗೆ ಒಂದು ಎಳೆ ನೆಮ್ಮದಿಯೂ ಇತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ.

ಕಾಫಿ ಬಂತು. ಗಾಳಿಗೆ ಅರ್ಧ ಆರಿತ್ತು.

ಬಯಲಿನ ಒಂದು ಮಗ್ಗುಲಿಗೆ ತಗ್ಗಾದ ಒಂದು ಕಟ್ಟಡವಿದೆ. ಪೋಲ್ಡೂ ಕೇಂದ್ರ 1930ರ ದಶಕದಲ್ಲಿ ಮುಚ್ಚಿಹೋಗಿ, ಕಂಬ ಕಟ್ಟಡಗಳನ್ನೆಲ್ಲ ಕೆಡವಿದರು. ಅದಕ್ಕೆ ಮೊದಲು ಅದು ಸಾಗರದ ಮೇಲಿನ ಹಡಗುಗಳಿಗೆ ರಾತ್ರಿಯೆಲ್ಲ ಸುದ್ದಿ ಕಳುಹಿಸಿತ್ತು. 1923ರಿಂದೀಚೆಗೆ ಕಿರುಅಲೆಗಳ ಪ್ರಯೋಗವೂ ಇಲ್ಲಿಯೇ ನಡೆದು, ಅದರ ಫಲವಾಗಿ 1927ರಲ್ಲಿ ಇಂಗ್ಲೆಂಡಿಗೂ ನಮ್ಮ ಪುಣೆಯ ಹತ್ತಿರದ ಕೇಂದ್ರಕ್ಕೂ ನೇರವಾಗಿ ನಿಸ್ತಂತು ಸಂಪರ್ಕ ಬಂತು. ಮೊದಲ ಸಂಕೇತದ ನೂರನೆಯ ವರ್ಷ, 2001ರಲ್ಲಿ, ಈ ಸಣ್ಣ ಮನೆಯನ್ನು ಕಟ್ಟಿದರು. ಹವ್ಯಾಸಿ ರೇಡಿಯೋದವರು ಅದನ್ನು ನೋಡಿಕೊಳ್ಳುತ್ತಾರೆ. ಅಂದು ನನಗಿಂತ ಹಿರಿಯರಾದ ಒಬ್ಬರು ಕುಳಿತಿದ್ದರು. ಅವರ ಎರಡು ಕಿವಿಯಲ್ಲಿಯೂ ಯಂತ್ರವಿತ್ತು. ಮಗಳು ನನ್ನ ಕಡೆ ನೋಡಿದಳು. ನಾನು ತಂತಿ ಕಚೇರಿಯವನೆಂದು ಅವಳೇ ಹೇಳಿದಳು. ಮುದುಕರ ಮುಖ ಅರಳಿತು. ಕಿವಿಗೆ ಹಾಕಿಕೊಳ್ಳುವ ಸಾಧನವೊಂದನ್ನು ಕೊಟ್ಟು, ಮೋರ್ಸನ್ನು ಹಚ್ಚಿದರು.

ಏನೂ ಕೇಳಿಸಲಿಲ್ಲ. ಅವರ ಬೆರಳು ಆಡುತ್ತಿತ್ತು, ಸಣ್ಣ ದೀಪ ಮಿನುಗುತ್ತಿತ್ತು. ನನ್ನ ಕಿವಿಯಲ್ಲಿ ಬರಿಯ ಸಮುದ್ರ. ಪೇಜೆಟ್ಟನಾಗಿ ಕುಳಿತೆ. ಅವರು ಕೇಳಲೂ ಇಲ್ಲ; ಒಂದು ಗುಂಡಿ ತಿರುಗಿಸಿ ದನಿಯನ್ನು ತಗ್ಗಿಸುತ್ತ ಬಂದರು. ಪೀಪಿಯಂತಿದ್ದದ್ದು ಗುಮ್ಮಟೆಯಂತಾಗುವವರೆಗೆ ತಗ್ಗಿಸಿದರು. ಆಗ ಬಾವಿಯ ತಳದಿಂದ ಯಾರೋ ಕರೆದಂತೆ ಬಂತು: ಎಚ್, ಇ, ಎಲ್, ಎಲ್, ಓ. ವಯಸ್ಸಾದವರಿಗೆ ಮೊದಲು ಹೋಗುವುದು ಮೇಲಿನ ಸ್ಥಾಯಿ. ಕೆಳಗಿನದು ಇರುತ್ತದೆ ಎಂದು ಅವರು ಹೇಳಿದುದನ್ನು ಮಗಳು ನನಗೆ ಮತ್ತೊಮ್ಮೆ ಜೋರಾಗಿ ಹೇಳಿದಳು.

ಆಮೇಲೆ ಕೀಲಿಯನ್ನು ನನ್ನ ಕಡೆ ಸರಿಸಿ, ಪೆನ್ಸಿಲು ಹಿಡಿದು, ನೀವೇನಾದರೂ ಕಳುಹಿಸಿ ಎಂದರು. ಮುವ್ವತ್ತು ವರ್ಷಕ್ಕೂ ಮೀರಿತ್ತು ಕೀಲಿ ಮುಟ್ಟಿ. ಹೆಸರು ಕಳುಹಿಸೋಣವೆಂದುಕೊಂಡೆ, ಊರು ಕಳುಹಿಸೋಣವೆಂದುಕೊಂಡೆ. ಕೈ ಕಳುಹಿಸಿದ್ದು ಬೇರೆ. ‘ಮದರ್’ ಎಂದು ಕಳುಹಿಸಿದೆ. ‘ನೌ’ ಎಂದು ಕಳುಹಿಸಿದೆ. ಬೆರಳು ನಡುಗಿರಬೇಕು. ಮುದುಕರು ಪೆನ್ಸಿಲು ಎತ್ತಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಆ ಒಂದು ಪದವನ್ನು ದಯವಿಟ್ಟು ಮತ್ತೊಮ್ಮೆ ಎಂದರು.

ಮತ್ತೊಮ್ಮೆ ಕಳುಹಿಸಿದೆ. ಚುಕ್ಕೆಯನ್ನು ಚುಕ್ಕೆಯಾಗಿ, ಗೀಟನ್ನು ಗೀಟಾಗಿ, ತರಬೇತಿಯ ಮೊದಲ ದಿನದ ಹುಡುಗನಂತೆ ಬಿಡಿಬಿಡಿಸಿ. ಅವರು ತಲೆಯಾಡಿಸಿ ಬರೆದುಕೊಂಡರು. ಉಳಿದ ಮೂರು ಪದಗಳೂ ಹೋದುವು. ಚೀಟಿಯನ್ನು ಓದಿ ಅವರ ಮುಖ ಸ್ವಲ್ಪ ಗಂಭೀರವಾಯಿತು. ಯಾರ ತಾಯಿ ಎಂದು ಅವರು ಕೇಳಲಿಲ್ಲ. ಕೇಳಿದವಳು ನಮ್ಮ ಮಗಳು, ಮೋಟಾರಿನಲ್ಲಿ, ಊರು ದಾಟಿದ ಮೇಲೆ.

ಹೇಳಿದೆ. ಹೇಳಿ ಮುಗಿಯುವ ಹೊತ್ತಿಗೆ ಹೆದ್ದಾರಿ ಬಂದಿತ್ತು.

ಬಹಳ ಹೊತ್ತಿನ ಮೇಲೆ ಅವಳು ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ. ಕೇಳಿಸಿದ ಹಾಗೆ ತಲೆಯಾಡಿಸುವುದು ಈಚೆಗೆ ನನ್ನ ಅಭ್ಯಾಸ. ಅಂದು ಹಾಗೆ ಮಾಡದೆ, ಏನೆಂದೆ, ಮತ್ತೊಮ್ಮೆ ಹೇಳು ಎಂದೆ.

“ಆ ಮೇಷ್ಟರು ಈಗ ಇದ್ದಾರಾ?” ಎಂದಳು.

ಗೊತ್ತಿಲ್ಲ. ಇದ್ದರೆ ಎಂಬತ್ತೈದು ದಾಟಿರಬೇಕು. ತಂತಿಯವರಿಗೆ ಮುಖ ಮರೆತರೂ ವಿಳಾಸ ಮರೆಯುವುದಿಲ್ಲ: ಕೋಟೆ ಬೀದಿ, ದೇವಸ್ಥಾನದ ಹಿಂದುಗಡೆ, ಎಡಗಡೆಯ ಮೂರನೆಯ ಮನೆ. ಗುರುವಾರ ಕಿವಿಯ ವೈದ್ಯರ ಹತ್ತಿರ ಹೋಗಿಬಂದೆವು. ಊರಿಗೆ ಹಿಂದಿರುಗಿ ಈಗ ಮೂರು ವಾರ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೆ ಆ ಊರಿಗೆ ಒಮ್ಮೆ ಹೋಗಿಬರಬೇಕು.